ರೆಪ್ಪೆ ಮಿಟುಕಿಸದ ನಾಯಕ

ಅಖಿಲ ಕನ್ನಡಕ ಸಾಮ್ರಾಜ್ಯದ ಕಣ್ಮಣಿಯೂ ನಮ್ಮ ಅಂಗಡಿಯ ಕಣ್ಣು ಪರೀಕ್ಷಕಿಯೂ ಆದ ಮೇಡಂ ಅವರ ದಿವ್ಯ ಸನ್ನಿಧಾನಕ್ಕೆ, ಹಿಂದಿನ ಕೋಣೆಯಲ್ಲಿ ಗಾಜು ತೇಯುವ ಬಡಪಾಯಿಯ ಸಾಷ್ಟಾಂಗ ದೂರು.

ತಾವು ಕೊಟ್ಟ ಪ್ರೇಮ ಕಾದಂಬರಿಯನ್ನು ಓದಿ ಮುಗಿಸಿದೆ. ಅದು ನನ್ನನ್ನು ಮುಗಿಸಲಿಲ್ಲ ಎಂಬುದೊಂದೇ ಸಮಾಧಾನ. ನಾಯಕ ಇಡೀ ಒಂದು ಅಧ್ಯಾಯ ರೆಪ್ಪೆ ಮಿಟುಕಿಸದೆ ನಾಯಕಿಯನ್ನು ನೋಡುತ್ತಾನೆ. ಅದನ್ನು ಯಜಮಾನರಿಗೆ ಓದಿ ಹೇಳಿದೆ. "ಆ ಹುಡುಗನ್ನ ಕರ್ಕೊಂಡು ಬಾರಪ್ಪ, ಎರಡು ಹನಿ ಔಷಧಿ ಬಿಡೋಣ" ಅಂದರು. ಅವಳ ಕಣ್ಣು ಕಡಲಂತೆ, ಇವನು ಅದರಲ್ಲಿ ಮುಳುಗಿಹೋದನಂತೆ. ಮುಳುಗಿದ ಮೇಲೂ ಮಹಾಶಯನ ಬಾಯಿ ಮಾತ್ರ ಮುಚ್ಚುವುದಿಲ್ಲ. ಇಷ್ಟೆಲ್ಲ ಮಾತಾಡಿದವನು ಅವಳಿಗೆ ಊಟ ಆಯ್ತಾ ಎಂದು ಒಂದು ಸಲವೂ ಕೇಳುವುದಿಲ್ಲ. ಇಂಥವನನ್ನು ಕಟ್ಟಿಕೊಂಡು ಯಾರಾದರೂ ಬಾಳುವುದುಂಟೆ?

ಸೋಮವಾರದಿಂದ ತಾವು ಬೇರೆ ಶಾಖೆಗೆ ಹೋಗುತ್ತಿರುವುದರಿಂದ ಪುಸ್ತಕವನ್ನು ಇಂದೇ ತಮ್ಮ ಮೇಜಿನ ಮೇಲಿಟ್ಟಿದ್ದೇನೆ. ಅಲ್ಲಿಯ ಅಮಾಯಕರಿಗೆ ದಯವಿಟ್ಟು ಇದನ್ನು ಕೊಡಬೇಡಿ.

ಕೊನೆಗೊಂದು ನಿಜ. ನಾನು ಕಾದಂಬರಿ ಕೇಳಿ ಪಡೆದದ್ದು ಓದುವ ಚಟಕ್ಕಲ್ಲ, ತಮಗೆ ಹೇಳಬಹುದಾದ ಒಂದು ಸಾಲು ಕದಿಯಲು. ಕದಿಯಲು ಯೋಗ್ಯವಾದದ್ದು ಒಂದೂ ಸಿಗಲಿಲ್ಲ. ಶನಿವಾರ ಅಂಗಡಿ ಮುಚ್ಚಿದ ಮೇಲೆ ಸ್ವಲ್ಪ ನಿಂತರೆ, ಸ್ವಂತದ್ದೇ ಏನಾದರೂ ತೊದಲುತ್ತೇನೆ.

ಇತಿ,
ಗಾಜಿನ ಕೋಣೆಯವನು