ಪ್ರಾರ್ಥನೆಯ ಫೋನು

ಬೆಲ್ ಫೋರ್ಕ್, ಅಯೋವಾ
ಸೆಪ್ಟೆಂಬರ್ ೧೨, ೧೯೮೬

ಥಿಯಾ,

‘ಪ್ರೀತಿಯ’ ಅಂತ ಬರೆಯೋಕೆ ಕೈ ಬರಲಿಲ್ಲ, ಬರೀ ಹೆಸರು ಬರೆದಿದ್ದೀನಿ. ಎರಡು ಮೈಲಿ ದೂರದಲ್ಲಿದ್ದುಕೊಂಡು ಕಾಗದ ಯಾಕೆ ಅಂತೀಯ? ಫೋನಿನ ಸಹವಾಸ ನನಗೆ ಸಾಕಾಗಿದೆ.

ಲವಾನ್ ಯಾಕೆ ನನ್ನ ಮುಖ ನೋಡ್ತಿಲ್ಲ, ನಾನೇನು ಮಾಡಿದೆ ಅಂತ ನೀನು ಕಾಳಿನ ಅಂಗಡಿಯಲ್ಲಿ ಎಲ್ಲರೆದುರು ಕೇಳಿದೆಯಂತೆ. ಕೇಳಿದೆಯಲ್ಲ, ಹೇಳ್ತೀನಿ.

ನೀನೂ ನಿನ್ನ ಗಂಡನೂ ಕಾಲೇಜಿನಲ್ಲಿ ಪಾಠ ಹೇಳಿಕೊಂಡು, ಮನೆ ಅಗ್ಗಕ್ಕೆ ಸಿಗುತ್ತೆ ಅಂತ ನಮ್ಮೂರಿಗೆ ಬಂದಾಗ ನಿಮ್ಮನ್ನು ಯಾರು ಮಾತಾಡಿಸ್ತಿದ್ದರು? ಕಾಲೇಜಿನವರು ಬಂದರು ಅಂತ ಮಾತು ನಿಲ್ಲಿಸ್ತಿದ್ದರು. ಚರ್ಚಿನಲ್ಲಿ ನಿನ್ನ ಪಕ್ಕ ಬಂದು ಕೂತವಳು ನಾನು. ಎದುರಿಗೆ ಯಾವ ಗಾಡಿ ಬಂದರೂ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಬೇಕು, ಇಲ್ಲಿ ಅದೇ ನಮಸ್ಕಾರ ಅಂತ ಹೇಳಿಕೊಟ್ಟವಳೂ ನಾನೇ. ನೀನು ಇಡೀ ಕೈ ಬೀಸ್ತಿದ್ದೆ. ಈ ಹುಡುಗಿ ನೊಣ ಓಡಿಸ್ತಾಳೇನೇ ಅಂತ ನನ್ನ ಗಂಡ ವರ್ಲಿನ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಈ ವಸಂತದಲ್ಲಿ ಪ್ರಾರ್ಥನೆಯ ಫೋನಿನಲ್ಲಿ ಒಂದು ಜಾಗ ಖಾಲಿಯಾದಾಗ ನಿನ್ನ ಹೆಸರು ಹೇಳಿದ್ದೂ ನಾನೇ. ಒಬ್ಬರಿಗೆ ಕಾಯಿಲೆ ಅಂದರೆ ಒಂದು ಮನೆಯಿಂದ ಇನ್ನೊಂದಕ್ಕೆ ಫೋನ್ ಹೋಗಿ, ಸಂಜೆಯೊಳಗೆ ಊರೆಲ್ಲ ಅವರಿಗಾಗಿ ಕೈಮುಗಿಯೋ ಏರ್ಪಾಡು ಅದು. ಸುಮ್ಮನೆ ಯಾರನ್ನೂ ಸೇರಿಸಲ್ಲ. ಕಾಲೇಜಿನವರಿಗೆ ಪ್ರಾರ್ಥನೆ ಯಾಕಮ್ಮ, ಓದಿಕೊಳ್ಳೋಕೆ ಪುಸ್ತಕ ಇದೆಯಲ್ಲ ಅಂದಳು ಸಾಲಿನಲ್ಲಿ ನಮಗಿಂತ ಮುಂಚಿನ ಮನೆಯ ಗ್ಲೆಂಡಾ. ಥಿಯಾ ನಮ್ಮವಳು ಕಣೇ ಅಂತ ಅವಳ ಹತ್ತಿರ ಜಗಳ ಆಡಿದೆ.

ಆಗಸ್ಟಿನಲ್ಲಿ ನಮ್ಮ ಅಡುಗೆಮನೆಯಲ್ಲಿ ಇಬ್ಬರೂ ಮೆಕ್ಕೆಜೋಳ ಬಿಡಿಸ್ತಾ ಕೂತಿದ್ವಿ. ಯಾಕೆ ಮಂಕಾಗಿದ್ದೀಯ ಲವಾನ್ ಅಂತ ನೀನು ಕೇಳಿದೆ. ನನಗೆ ತಡೆಯಲಾಗಲಿಲ್ಲ. ವರ್ಲಿನ್ ಕಣ್ಣಿನ ನಡುಭಾಗ ಕತ್ತಲಾಗಿದೆ, ದೃಷ್ಟಿ ಇನ್ನು ಬರಲ್ಲ ಅಂತ ಡಾಕ್ಟರ್ ಹೇಳಿದ್ದು ನನಗೂ ಅವನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಂದೆ. ನಾವು ಉಳುತ್ತಿರೋದು ಆರ್ಡಿಸ್ ಮುದುಕಿಯ ನೆಲ, ಕೈಕುಲುಕಿ ಮಾತಿನ ಮೇಲೆ ಗುತ್ತಿಗೆಗೆ ಪಡೆದದ್ದು. ಸೆಪ್ಟೆಂಬರ್ ಒಂದರೊಳಗೆ ಅವಳು ನೆಲ ಬಿಡಿ ಅನ್ನದಿದ್ದರೆ ಬರೋ ವರ್ಷವೂ ನಮ್ಮದೇ. ಮಾರ್ಚ್‌ಗೆ ಮಗಳು ಜೋಲೀನ್ ಕೆಲಸ ಬಿಟ್ಟು ಬಂದು ಹೊಲ ವಹಿಸಿಕೊಳ್ತಾಳೆ, ಅಲ್ಲೀವರೆಗೆ ಬಾಯಿ ಮುಚ್ಚಿಕೊಂಡಿರಬೇಕು ಅಂದೆ. ನೀನು ನನ್ನ ಕೈ ಹಿಡಿದು, ಸತ್ತರೂ ಬಾಯಿ ಬಿಡಲ್ಲ ಲವಾನ್ ಅಂದೆ. ನಂಬಿದೆ. ನನ್ನ ಒಡಹುಟ್ಟಿದವಳಿಗೂ ಹೇಳಿರಲಿಲ್ಲ.

ಆ ವಾರವೇ ನಾನು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಫೋನ್ ಬಂತು. ಪ್ರಾರ್ಥನೆಯ ಸಾಲಿನಲ್ಲಿ ಕೊನೇ ಮನೆ ನಮ್ಮದು, ಮರೆತೆಯಾ? ಎತ್ತಿದ್ದು ವರ್ಲಿನ್. ಆ ಕಡೆ ಗ್ಲೆಂಡಾ, ಯಾರು ಎತ್ತಿದರು ಅಂತಲೂ ನೋಡದೆ, ಪಾಪ ವರ್ಲಿನ್‌ಗೆ ಕಣ್ಣು ಹೋಗ್ತಿದೆಯಂತೆ, ಅವನಿಗಾಗಿ ಪ್ರಾರ್ಥನೆ ಮಾಡಿ ಅಂದಳಂತೆ. ಇವನು ಆಗಲಿ, ಮಾಡ್ತೀನಿ ಅಂತ ಹೇಳಿ ಫೋನ್ ಇಟ್ಟ. ಆಮೇಲೆ ಬಟ್ಟೆ ಹಾಕೋ ತಂತಿ ತಡವಿಕೊಂಡು ನನ್ನ ಹತ್ತಿರ ಬಂದು, ಯಾರಿಗೆ ಹೇಳಿದೆ ಅಂದ. ನಾನು ಏನೋ ಒಂದು ಹೇಳಿದೆ. ಅವತ್ತಿನಿಂದ ನನ್ನ ಜೊತೆ ಮಾತು ಕಮ್ಮಿ.

ಆಗಸ್ಟ್ ಮುಗಿಯೋ ದಿನ ಆರ್ಡಿಸ್ ಒಂದು ಕೈಯಲ್ಲಿ ಸೇಬಿನ ಪೈ, ಇನ್ನೊಂದರಲ್ಲಿ ನೋಟೀಸು ಹಿಡಿದು ಬಂದಳು. ಬೇಜಾರು ಮಾಡ್ಕೋಬೇಡಪ್ಪ, ನೆಲ ಪಕ್ಕದ ಹೊಲದ ಕಿರ್ಬಿಗೆ ಕೊಡ್ತಿದ್ದೀನಿ, ನಿನಗಾಗಿ ದಿನಾ ಬೇಡಿಕೊಳ್ತೀನಿ ಅಂದಳು. ಕೆಲಸ ಬಿಡಬೇಡ ಅಂತ ಜೋಲೀನ್‌ಗೆ ಹೇಳಿದೆ. ಫೋನಿನಲ್ಲಿ ಅತ್ತಳು ಮಗು.

ಒಳ್ಳೇದಕ್ಕೇ ಮಾಡಿದೆ ಅಂತ ಪಾದ್ರಿಗಳ ಹತ್ತಿರ ಹೇಳಿಕೊಂಡೆಯಂತೆ. ಬಿಡೇ, ನನಗೆ ಗೊತ್ತು. ಎಲ್ಲರೂ ನಿನಗೆ ಫೋನ್ ಮಾಡಿ ಅವರಿವರ ಕಷ್ಟ ಹೇಳ್ತಿದ್ದರು, ನಿನ್ನ ಹತ್ತಿರ ಹೇಳೋಕೆ ಈ ಊರಿನವರ ಒಂದು ಕಷ್ಟವೂ ಇರಲಿಲ್ಲ. ಸಿಕ್ಕಿದ್ದು ನಂದು. ನಮ್ಮವಳು ಅನ್ನಿಸಿಕೊಳ್ಳೋಕೆ ನಮ್ಮನ್ನೇ ಕೊಟ್ಟುಬಿಟ್ಟೆ.

ನೀನು ಶಾವಿಗೆ ಬೇಯಿಸಿ ತಂದಿದ್ದ ನೀಲಿ ಗಾಜಿನ ಪಾತ್ರೆ ನಿನ್ನ ಜಗಲಿಯ ಮೇಲಿಟ್ಟು, ಈ ಕಾಗದವನ್ನ ಅದರೊಳಗೇ ಹಾಕಿದ್ದೀನಿ. ಬೇರೇನೂ ಹಾಕಿಲ್ಲ. ಬಂದ ಪಾತ್ರೆಯನ್ನ ಬರಿದಾಗಿ ಕಳಿಸಬಾರದು, ಏನಿಲ್ಲದಿದ್ದರೆ ಎರಡು ಟೊಮೇಟೊ ಆದರೂ ಇಡಬೇಕು ಅಂತ ನಾನೇ ನಿನಗೆ ಹೇಳಿಕೊಟ್ಟಿದ್ದೆ. ಮನೆ ತುಂಬ ಟೊಮೇಟೊ ಇದೆ.

ಲವಾನ್

ತಾ.ಕ.: ಯಾರಿಗೆ ಹೇಳಿದೆ ಅಂತ ವರ್ಲಿನ್ ಕೇಳಿದಾಗ ನಿನ್ನ ಹೆಸರು ಬಾಯಿಗೆ ಬರಲಿಲ್ಲ. ಯಾರಿಗೂ ಹೇಳಿಲ್ಲ, ಪ್ರಾರ್ಥನೆಗೆ ನಾನೇ ಫೋನ್ ಮಾಡಿದ್ದು ಅಂದುಬಿಟ್ಟೆ. ಅವನಿಗೆ ನೀನಂದರೆ ಅಷ್ಟು ಅಕ್ಕರೆ. ಸಂಜೆ ಹೊತ್ತು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರ್ತಾನೆ. ನಿನ್ನ ಕಾರು ಹೋಗುವಾಗ ಬೆರಳೆತ್ತುತ್ತಾನೆ. ಕ್ಷಮಿಸಿದ್ದಾನೆ ಅಂದುಕೊಂಡು ಕಾರು ನಿಲ್ಲಿಸಬೇಡ. ಯಾರ ಕಾರು ಅಂತ ಅವನಿಗೆ ಕಾಣಲ್ಲ, ಸದ್ದು ಕೇಳಿಸಿದ್ದಕ್ಕೆಲ್ಲ ಎತ್ತುತ್ತಾನೆ.