ಹಾಜರಿ ಹಾಳೆಯ ಸಹಿ

ಹಳೆಯ ವಿದ್ಯಾರ್ಥಿ ಸಂಘದ ಕಾರ್ಯದರ್ಶಿಗಳಿಗೆ,

ರಾತ್ರಿ ಎರಡೂವರೆಗೆ ಬಾಗಿಲ ಹಿಂದೆ ಒರಗಿಸಿದ್ದ ಹಲಗೆ ಧೊಪ್ಪೆಂದು ಬಿದ್ದು ನನಗೂ ಮಗುವಿಗೂ ಎಚ್ಚರವಾಯಿತು. ಅದು ನಮ್ಮ ತೊಟ್ಟಿಲಿಗೆಂದು ನನ್ನ ಗಂಡ ಕೊಯ್ದಿಟ್ಟಿದ್ದ ಹಲಗೆ. "ಭಾನುವಾರ ಜೋಡಿಸ್ತೀನಿ ಕಣೇ" ಅನ್ನುತ್ತಲೇ ಮಗುವಿಗೆ ಏಳು ತಿಂಗಳಾಯಿತು. ಅಷ್ಟರಲ್ಲಿ ಅವನ ಮರದಂಗಡಿಯಿಂದ ಹೆರಿಗೆ ಆಸ್ಪತ್ರೆಗೆ ಹನ್ನೆರಡು ತೊಟ್ಟಿಲು ದಾನವಾಗಿ ಹೋದವು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅತ್ತೆಯೇ ನಗುತ್ತಿದ್ದರು. ಅವನು ತೀರಿಕೊಂಡ ಮೇಲೆ ಅವರೂ ನಗುವುದಿಲ್ಲ.

ನೀವು ಕಳಿಸಿದ ಶ್ರದ್ಧಾಂಜಲಿಯ ಕರಡು ಓದಿದೆ. "ವ್ಯಾಪಾರ, ಕುಟುಂಬ, ಸಮಾಜಗಳಿಗೆ ಸಮನಾಗಿ ದುಡಿದ ನಮ್ಮ ಸಹಪಾಠಿ" ಎಂದು ಬರೆದು, ಕೆಳಗೆ ನನ್ನ ಒಪ್ಪಿಗೆಯ ಸಹಿ ಕೇಳಿದ್ದೀರಿ. ನೆನಪಿದೆಯೇ, ವಿಶ್ವವಿದ್ಯಾಲಯದಲ್ಲಿ ಹಾಜರಿ ಹಾಳೆ ನಮ್ಮ ಬೆಂಚಿಗೆ ಬಂದಾಗ ನೀವೇ "ಹಾಕೇ ಬೇಗ, ಮೇಷ್ಟ್ರು ನೋಡ್ತಾರೆ" ಅನ್ನುತ್ತಿದ್ದಿರಿ. ಬಾರದ ಅವನ ಸಹಿಯನ್ನು ನಾನು ಹಾಕುತ್ತಿದ್ದೆ. ಹೆರಿಗೆ ವಾರ್ಡಿನಲ್ಲೂ ತಂದೆಯ ಸಹಿ ನಾನೇ ಹಾಕಿದೆ. ಆ ಹೊತ್ತು ಅವನು ನಿಮ್ಮ ಸಂಘದ ಸಭೆಯಲ್ಲಿದ್ದ.

ನಾಳೆ ಮಗಳು ಓದಲು ಕಲಿತು "ಹೌದಾ ಅಮ್ಮಾ?" ಎಂದರೆ ಏನು ಹೇಳಲಿ? ಮನೆಯಲ್ಲಿ ಅವನ ಹಾಜರಿಯನ್ನು ಇನ್ನು ನಾನು ಹಾಕಲಾರೆ. ಕುಟುಂಬ ಎಂಬ ಆ ಒಂದು ಪದವನ್ನು ತೆಗೆಸಿ, ಸಹಿ ಮಾಡುತ್ತೇನೆ. ಬೆಳಿಗ್ಗೆ ಆರು ಗಂಟೆಗೆ ಅದು ಅಚ್ಚಿಗೆ ಹೋಗುತ್ತದಂತೆ. ಎರಡು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ; ಅದಕ್ಕೇ ಇದನ್ನು ನಿಮ್ಮ ಮೊಬೈಲಿಗೆ ಕಳಿಸುತ್ತಿದ್ದೇನೆ. ದಯವಿಟ್ಟು ಬೆಳಗಾಗುವುದರೊಳಗೆ ನೀವೇ ಫೋನ್ ಮಾಡಿ. ನಾನು ಎದ್ದೇ ಇರುತ್ತೇನೆ.

ಇತಿ,
ಅವನ ಸಹಪಾಠಿ, ಹೆಂಡತಿ ಕೂಡ