ಧ್ವನಿ ಬೇಕೆಂದು ಕೇಳಿದವನು

ಮಸೂದ ಭಾಯಿ ಅವರಿಗೆ,

ಈ ಕೈಬರಹ ನಿಮಗೆ ಹೊಸದು, ಮನುಷ್ಯ ಹಳಬ. ಆಟದಲ್ಲಿ ಐದು ತಿಂಗಳು, ಸಂಜೆ ಏಳರಿಂದ ಎಂಟರವರೆಗೆ, ನಿಮ್ಮ ಜೊತೆ ಅಖಾಡಕ್ಕಿಳಿಯುತ್ತಿದ್ದ ‘ಮಾಸ್ತರ’ ನಾನು. ಹೆಸರು ಶಾಂತಕುಮಾರ, ವಯಸ್ಸು ಐವತ್ತೊಂದು, ಕೆಲಸ ಅಫಜಲಪುರದ ಅಂಚೆ ಕಚೇರಿಯಲ್ಲಿ. ಅದಕ್ಕೂ ಮೊದಲು ಹನ್ನೊಂದು ವರ್ಷ ಆಳಂದದಲ್ಲಿದ್ದೆ. ನೀವು ಆಟ ಬಿಟ್ಟು ಆರು ವಾರವಾಯಿತು. ಬಿಡುವಂತೆ ಮಾಡಿದವರಲ್ಲಿ ನಾನೂ ಒಬ್ಬ. ಇದನ್ನು ನಿಮಗೆ ಬೇರೆ ಯಾರೂ ಹೇಳಲಾರರು.

ಆ ಆಟವನ್ನು ನಮ್ಮ ಮನೆಯ ಕಂಪ್ಯೂಟರಿಗೆ ತಂದವಳು ಮಗಳು ಐಶ್ವರ್ಯಾ. ಇಬ್ಬರ ಎದುರು ಇಬ್ಬರು, ಮಣ್ಣಿನ ಅಖಾಡ, ಆರು ನಿಮಿಷದ ಕಾದಾಟ. ಕಟ್ಟಿ ಮುಗಿಯುವ ಮೊದಲೇ ಜನರಿಗೆ ಆಡಲು ಬಿಟ್ಟಿದ್ದಾರೆ, ಆಡಿದವರ ಮಾತು ಕೇಳಿ ತಿದ್ದುತ್ತಾ ಹೋಗುತ್ತಾರೆ ಎಂದಳು. ವಾರದಲ್ಲಿ ಅವಳಿಗೇ ಬೇಸರ ಬಂತು. “ಅರ್ಧಾ ಕಟ್ಟಿದ ಮನ್ಯಾಗ ಸಂಸಾರ ಹೂಡಿದಂಗ ಆಗ್ಯದಪ್ಪಾ, ಬಾಗಲಾ ಇಲ್ಲ, ಕಿಡಕಿ ಇಲ್ಲ” ಅಂದು ಎದ್ದುಹೋದಳು. ನಾನು ಕೂತೆ. ನನ್ನ ಮನೆಯಲ್ಲಿ ಏಳರಿಂದ ಎಂಟರ ಆ ಒಂದು ತಾಸು ಮೊದಲಿನ ಹಾಗೆ ತುಂಬಿರಲಿಲ್ಲ. ಯಾಕೆ ಎಂಬುದು ಈ ಪತ್ರದ ವಿಷಯವಲ್ಲ.

ಮೂರನೆಯ ಸಂಜೆ ನನಗೆ ಜೊತೆಗಾರನಾಗಿ ನೀವು ಬಂದಿರಿ. ಮಸೂದ ಎಂಬ ಹೆಸರು, ಅದರ ಬೆನ್ನಿಗೆ ೫೮೫೩೧೦. ಬೇರೆಯವರಿಗೆ ಅದು ಬರೀ ಅಂಕಿ. ಇಪ್ಪತ್ತೆಂಟು ವರ್ಷ ಟಪಾಲು ವಿಂಗಡಿಸಿದವನಿಗೆ ಅದು ಜೇವರ್ಗಿ. ಯಾವ ದೇಶದಲ್ಲೋ ಯಾರೋ ಕಟ್ಟುತ್ತಿರುವ ಅಖಾಡದಲ್ಲಿ ಭೀಮಾ ನದಿಯ ಆಚೆಯವನೊಬ್ಬ ಸಿಕ್ಕಿದ್ದ. ಮರುದಿನ ನಾನೂ ನನ್ನ ಹೆಸರಿಗೆ ೫೮೫೩೦೧ ಅಂಟಿಸಿಕೊಂಡು ಬಂದೆ. ನೀವು ಅದನ್ನು ನೋಡಿ, ಅಖಾಡದ ನಡುವೆ ಬಂದು ಎರಡು ಸಲ ತಲೆಬಾಗಿದಿರಿ. ಅಷ್ಟರಲ್ಲಿ ಎದುರಾಳಿಗಳು ನಮ್ಮಿಬ್ಬರನ್ನೂ ಹೊಡೆದು ಕೆಡವಿದರು.

ಆಟದಲ್ಲಿ ಮಾತಿರಲಿಲ್ಲ, ಬರೆದು ಕಳಿಸುವ ದಾರಿಯೂ ಇರಲಿಲ್ಲ. ಇದ್ದದ್ದು ಆರು ಸನ್ನೆ: ಬಾ, ನಿಲ್ಲು, ಅಲ್ಲಿ ನೋಡು, ಹಿಂದೆ ಸರಿ, ತಲೆಬಾಗು, ನೆಲ ತಟ್ಟು. ಉಳಿದವರು ಅವನ್ನು ಗೆದ್ದಾಗ ಕುಣಿಯುವುದಕ್ಕೆ ಬಳಸುತ್ತಿದ್ದರು. ನೀವು ಒಂದಕ್ಕೊಂದು ಜೋಡಿಸುತ್ತಿದ್ದಿರಿ. ನೆಲ ತಟ್ಟಿ ‘ಬಾ’ ಅಂದರೆ ಸಪ್ಪಳವಿಲ್ಲದೆ ಬಾ. ಎರಡು ‘ನಿಲ್ಲು’ಗಳ ನಡುವೆ ತಲೆಬಾಗಿದರೆ, ತಪ್ಪು ನನ್ನದು. ತಲೆಬಾಗಿ ಹಿಂದೆ ಸರಿದರೆ, ಮನೆಯಲ್ಲಿ ಕರೆಯುತ್ತಿದ್ದಾರೆ. ಹೀಗೆ ನಲವತ್ತರಷ್ಟು ಮಾತು ನಮ್ಮ ನಡುವೆ ಹುಟ್ಟಿದ್ದವು. ಒಂದು ದಿನ ಕಚೇರಿಯಲ್ಲಿ ನನಗೆ ತಿಳಿಯದೆಯೇ ಮೇಜು ತಟ್ಟಿ ಗುರುಶಾಂತನನ್ನು ಕರೆದೆ. ಪತ್ರ ಹಂಚುವವನು ಅವನು. “ಯಾಕ್ರಿ ಸಾಹೇಬ್ರ, ಗಂಟಲಾ ಕೂತದೇನು?” ಎಂದ.

ಕೊರತೆಗಳು ನಿಮಗೂ ಗೊತ್ತು. ಇದ್ದದ್ದು ಮೂರೇ ಅಖಾಡ. ಎದುರಾಳಿಗಳು ಸಿಗಲು ಕೆಲವೊಮ್ಮೆ ಕಾಲು ತಾಸು ಕಾಯಬೇಕು. ಆಯುಧವಾಗಿ ಸರಪಳಿ ಹಿಡಿದವನಿಗೆ ಯಾರೂ ಸಮನಲ್ಲ. ಗೆಲ್ಲುವ ಹೊತ್ತಿಗೆ ಸರಿಯಾಗಿ ಸಂಪರ್ಕ ಕಡಿಯುತ್ತಿತ್ತು. ಎರಡನೆಯ ಅಖಾಡದ ಪಡುವಣ ಗೋಡೆಗೆ ಒರಗಿದರೆ ಮನುಷ್ಯ ಗೋಡೆಯೊಳಗಿಂದ ಆಚೆ ಬೀಳುತ್ತಿದ್ದ. ಒಮ್ಮೆ ನಾವಿಬ್ಬರೂ ಬಿದ್ದೆವು. ಅಲ್ಲಿ ನೆಲವಿಲ್ಲ, ಆಕಾಶವಿಲ್ಲ, ಎಲ್ಲ ಕಡೆ ಬೂದಿ ಬಣ್ಣ. ಎದುರಾಳಿಗಳು ಒಳಗೆ ನಮ್ಮನ್ನು ಹುಡುಕುತ್ತಿದ್ದರು. ನೀವು ಸುತ್ತಲೂ ತಿರುಗಿ ನೋಡಿ, ನನ್ನತ್ತ ‘ನಿಲ್ಲು’ ಎಂದಿರಿ. ಸಮಯ ಮುಗಿಯುವವರೆಗೆ ಹಾಗೇ ನಿಂತಿದ್ದೆವು. ಅಷ್ಟು ನೆಮ್ಮದಿಯಿಂದ ಒಬ್ಬರ ಪಕ್ಕದಲ್ಲಿ ನಿಂತು ನನಗೆ ಬಹಳ ದಿನವಾಗಿತ್ತು.

ಆ ವಾರವೇ ಆಟ ಕಟ್ಟುವವರು ಕೇಳಿದರು: ಮೊದಲು ಏನು ಸೇರಿಸೋಣ, ಹೊಸ ಅಖಾಡವೋ, ಗೋಡೆಯ ರಿಪೇರಿಯೋ, ಧ್ವನಿಯೋ? ಒಬ್ಬರಿಗೆ ಒಂದು ಮತ; ನನ್ನದನ್ನು ಧ್ವನಿಗೆ ಹಾಕಿದೆ. ಜೊತೆಗೆ ಆಟದ ಒಳಿತು ಕೆಡುಕು ಬರೆದು ಕಳಿಸಬಹುದು. ಒಳಿತು ಎಂದು ಎರಡು ಸಾಲು ಬರೆದೆ: ಪೆಟ್ಟು ಬಿದ್ದರೆ ಬಿದ್ದಂತೆ ಅನಿಸುತ್ತದೆ, ಸೋತವನೂ ಕೊನೆಗೆ ಎದ್ದು ನಿಲ್ಲುತ್ತಾನೆ. ಕೆಡುಕು ಎಂದು ಒಂದು ಪುಟ ಬರೆದೆ. ಅದರಲ್ಲಿ ಮುಕ್ಕಾಲು ಪಾಲು ಧ್ವನಿ ಇಲ್ಲದ್ದರ ಬಗ್ಗೆ. ಜೊತೆಗಾರನ ದನಿ ಕೇಳದ ಮೇಲೆ ಅವನು ಇದ್ದೂ ಏನು ಎಂದು ಕೇಳಿದೆ. ಸನ್ನೆ ಮೂಗರಿಗೆ ಸಾಕು, ನಮಗೆ ಸಾಲದು ಎಂದೂ ಬರೆದೆ. ಆ ಸಾಲನ್ನು ಇಲ್ಲಿ ಮರೆಮಾಚುವುದಿಲ್ಲ.

ನಿಜ ಹೇಳಬೇಕೆಂದರೆ ಆಟಕ್ಕಾಗಿ ಬರೆದದ್ದಲ್ಲ ಅದು. ನಿಮ್ಮ ದನಿ ಕೇಳಬೇಕಿತ್ತು. ಜೇವರ್ಗಿಯ ಕನ್ನಡದಲ್ಲಿ, ನಡುನಡುವೆ ಉರ್ದು ಸೇರಿಸಿ, ನೀವು ನನ್ನನ್ನು ಬಯ್ಯುವುದನ್ನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ.

ಧ್ವನಿ ಗೆದ್ದಿತು. ಮೂರು ವಾರದ ಬಳಿಕ ಅದು ಆಟಕ್ಕೆ ಬಂತು. ಇನ್ನು ಯಾರಿಗೆ ಬೇಕು ಎಂದು ಸನ್ನೆಗಳನ್ನು ತೆಗೆದುಹಾಕಿದ್ದರು. ನಾನು ಹೆಡ್‌ಫೋನು ತಂದಿದ್ದೆ. ಅಖಾಡದಲ್ಲಿ ನಿಮ್ಮನ್ನು ಕಂಡ ಕೂಡಲೇ, ಬಾಯಿಪಾಠ ಮಾಡಿದವನಂತೆ, “ನಮಸ್ಕಾರ್ರಿ ಮಸೂದ ಭಾಯಿ, ನಾ ಅಫಜಲಪುರದಾವ” ಎಂದೆ. ನೀವು ನಿಂತಲ್ಲೇ ನಿಂತಿದ್ದಿರಿ. ಕೈ ಎತ್ತಲು ನಿಮಗೆ ಬಟನ್ನು ಇರಲಿಲ್ಲ. ಅದು ನನಗೆ ಹೊಳೆಯಲಿಲ್ಲ. ಮತ್ತೆ ಕರೆದೆ. ಎದುರಾಳಿಗಳು ನಕ್ಕರು. ಕೊನೆಗೆ ನಾನು, “ಅಷ್ಟು ದೊಡ್ಡಾವರೇನ್ರಿ ನೀವು, ಒಂದು ಮಾತು ಆಡಾಕ ಆಗಂಗಿಲ್ಲ?” ಎಂದೆ. ನೀವು ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು ಹೆಜ್ಜೆ ಇಟ್ಟಿರಿ; ಮತ್ತೆ ಎಡಕ್ಕೆ. ಏನನ್ನೋ ಹೇಳುತ್ತಿದ್ದಿರಿ ಎಂದು ಈಗ ಅನಿಸುತ್ತದೆ. ಆಗ ನನಗೆ ಅದು ತಿರಸ್ಕಾರದಂತೆ ಕಂಡಿತು. ಆಟ ಮುಗಿಯುವ ಮೊದಲೇ ನೀವು ಹೊರಟುಹೋದಿರಿ. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಎರಡು ವಾರ ಕಾದು, ನಿಮ್ಮ ಊರಿನಲ್ಲಿ ಟಪಾಲು ಹಂಚುವ ಹಸನಸಾಬರಿಗೆ ಫೋನು ಮಾಡಿದೆ. ಆ ಹೆಸರಿನವರು ನಾಲ್ಕು ಮಂದಿ ಇದ್ದಾರೆ, ಆಟದ ಹುಚ್ಚಿನವನೆಂದರೆ ಮೋಟಾರ್ ವೈಂಡಿಂಗ್ ಮಾಡುವ ಮಸೂದನೇ ಎಂದರು. ನಾನು ನಡೆದದ್ದನ್ನು ಹೇಳಿದೆ. ಅವರು ನಡುವೆಯೇ ತಡೆದು ಕೇಳಿದರು.

“ಸಾಹೇಬ್ರ, ನೀವು ಅವನ ಜೋಡಿ ಮಾತಾಡೀರಿ?”

“ಹೌದ್ರಿ.”

“ಅವಗ ಹುಟ್ಟಾ ಕಿವಿ ಕೇಳಂಗಿಲ್ಲರಿ. ಬಾಯೀನೂ ಇಲ್ಲ. ಬರದು ಕೊಡ್ರಿ, ಓದತಾನ. ಕಲಬುರಗಿ ಕಿವುಡರ ಸಾಲ್ಯಾಗ ಏಳನೇತ್ತಾ ಮುಗಿಸ್ಯಾನ.”

ಆ ಭಾನುವಾರ ನಾನು ಜೇವರ್ಗಿಗೆ ಬಂದೆ. ನಿಮ್ಮ ಅಂಗಡಿಗೆ ಶುಕ್ರವಾರ ಸೂಟಿ, ಭಾನುವಾರ ತೆರೆದಿರುತ್ತದೆ ಎಂದು ಮೊದಲೇ ಕೇಳಿಕೊಂಡಿದ್ದೆ. ಮುಂದೆ ನಿಮ್ಮ ತಂಗಿ ನಜಮುನ್ನಿಸಾ ಕೂತಿದ್ದರು. “ಮೋಟಾರ್ ಸುಟ್ಟದೇನ್ರಿ?” ಎಂದು ಕೇಳಿದರು. ಹೌದು ಎಂದು ಸುಳ್ಳು ಹೇಳಿದೆ. ಒಳಗೆ ನೀವು ತಾಮ್ರದ ತಂತಿ ಸುತ್ತುತ್ತಿದ್ದಿರಿ. ಸುತ್ತುಗಳನ್ನು ತುಟಿಯಲ್ಲಿ ಎಣಿಸುತ್ತಿದ್ದಿರಿ. ಏನಾದರೂ ಕೇಳಬೇಕಲ್ಲ ಎಂದು, ಅಣ್ಣನಿಗೆ ಕಂಪ್ಯೂಟರ್ ಆಟದ ಹವ್ಯಾಸ ಇದೆಯಂತಲ್ಲ ಎಂದೆ. “ಬಿಟ್ಟಾನ್ರಿ” ಎಂದರು ಅವರು. “ಅದೊಂದೇ ಆಟದಾಗ ಎಲ್ಲಾರೂ ಇವನಂಗೇ ಇದ್ರು. ಈಗ ಅಲ್ಲೂ ಎಲ್ಲಾರಿಗೂ ಬಾಯಿ ಬಂದಾವಂತ.”

ಹೇಳಿ ಅವರು ಒಳಗೆ ಬಾಗಿ ನಿಮ್ಮ ಮೇಜು ತಟ್ಟಿದರು. ನೀವು ತಲೆಯೆತ್ತಿ ನನ್ನತ್ತ ನೋಡಿದಿರಿ, ಗಿರಾಕಿಯನ್ನು ನೋಡುವ ಹಾಗೆ. ನಮ್ಮ ನಲವತ್ತು ಮಾತುಗಳಲ್ಲಿ ಒಂದಾದರೂ ಆಗ ಸಾಕಿತ್ತು. ಆದರೆ ಅವನ್ನು ನಾನು ಎಂದೂ ನನ್ನ ಕೈಯಿಂದ ಆಡಿರಲಿಲ್ಲ. ನನ್ನ ಬೆರಳಿಗೆ ಗೊತ್ತಿದ್ದದ್ದು ಬಟನ್ನು. ಕೈ ಎತ್ತುತ್ತಿದ್ದದ್ದು ಪರದೆಯ ಮೇಲಿನ ಗೊಂಬೆ. ಎರಡೂ ಕೈ ಇಳಿಬಿಟ್ಟುಕೊಂಡು ನಿಂತೆ. ಮೋಟಾರು ಮುಂದಿನ ವಾರ ತರುತ್ತೇನೆ ಎಂದು ತಂಗಿಗೆ ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದೆ. ತರುವುದಕ್ಕೆ ನನ್ನಲ್ಲಿ ಯಾವ ಮೋಟಾರೂ ಇಲ್ಲ.

ಬಂದವನೇ ಆಟ ಕಟ್ಟುವವರಿಗೆ ಬರೆದೆ, ಸನ್ನೆಗಳನ್ನು ಮರಳಿಸಿ ಎಂದು. ಬಹಳ ವಿನಯದ ಉತ್ತರ ಬಂತು. ಕೇಳಿದವರು ಕಡಿಮೆ, ಸದ್ಯಕ್ಕೆ ಆಗದು. ಪಡುವಣ ಗೋಡೆಯನ್ನೂ ಸರಿಪಡಿಸಿದ್ದಾರೆ. ಆಟ ಈಗ ಚೆನ್ನಾಗಿದೆ, ಆಡುವವರು ಹೆಚ್ಚಿದ್ದಾರೆ, ಕಾಯಬೇಕಾಗಿಲ್ಲ. ನಾನು ಕೆಲವು ಸಂಜೆ ಒಳಗೆ ಹೋಗಿ, ಯಾರೋ ಜೊತೆಗಾರನ ಗದ್ದಲ ಕೇಳಿ, ಹೊರಗೆ ಬರುತ್ತೇನೆ.

ಆದ್ದರಿಂದ ಮುಂದಿನ ಭಾನುವಾರ ಮೊದಲ ಬಸ್ಸಿಗೆ ಮತ್ತೆ ಬರುತ್ತೇನೆ, ಈ ಸಲ ಸುಳ್ಳಿಲ್ಲದೆ. ಈ ಪತ್ರವನ್ನು ಹಸನಸಾಬರು ಅದಕ್ಕೂ ಮೊದಲೇ ನಿಮ್ಮ ಕೈಗೆ ಕೊಟ್ಟಿರುತ್ತಾರೆ. ಓದಿದ ಮೇಲೆ ನನ್ನನ್ನು ನೋಡುವ ಮನಸ್ಸಿಲ್ಲವೆಂದರೆ ತಂಗಿಗೆ ತಿಳಿಸಿ, ಬಾಗಿಲಿನಿಂದಲೇ ತಿರುಗುತ್ತೇನೆ. ಬೇಸರ ಮಾಡಿಕೊಳ್ಳುವ ಹಕ್ಕು ನಿಮ್ಮದು. ಒಳಗೆ ಕರೆದರೆ, ಶಾಲೆಯಲ್ಲಿ ಕಲಿತು ನೀವು ದಿನವೂ ಆಡುವ ಆ ಕೈಭಾಷೆಯಲ್ಲಿ ನನಗೆ ಒಂದು ಮಾತು ಕಲಿಸಿ. ನಿಧಾನವಾಗಿ ಕಲಿಸಬೇಕು, ನನ್ನ ಬೆರಳು ದಡ್ಡು. ಯಾವ ಮಾತು ಮೊದಲು ಎಂಬುದನ್ನು ನೀವೇ ಆರಿಸಿ. ಹೋದ ಸಲ ಆರಿಸಿದವನು ನಾನು.

ನಿಮ್ಮ ಕೈಗಳು ಸುಖವಾಗಿರಲಿ ಎಂದು ಹಾರೈಸುವ,

ಶಾಂತಕುಮಾರ
ಅಫಜಲಪುರ